ಲೆನ್ಸ್ ಮಾರಬೇಡಿ, ಬೇಗ ಏಳಿ

ಪ್ರಶ್ನೆ: ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ತೆಗೆದ ಪಟ್ಟೆತಲೆ ಹೆಬ್ಬಾತುಗಳ ಫೋಟೊ ಎಲ್ಲಾ ಮಸುಕಾಗಿವೆ. ದೂರದ್ದನ್ನು ಹತ್ತಿರ ಎಳೆದು ತೋರಿಸುವ 150-600 ಎಂಎಂ ಜೂಮ್ ಲೆನ್ಸ್ ಇದೆ, ಟ್ರೈಪಾಡೂ ಇದೆ. ಲೆನ್ಸ್ ಬದಲಿಸಬೇಕಾ ಸರ್?

ಬೇಡ. ಪ್ರತಿ ಡಿಸೆಂಬರ್‌ನಲ್ಲೂ ಇದೇ ಪ್ರಶ್ನೆ ಬರುತ್ತದೆ. ಎಷ್ಟು ಗಂಟೆಗೆ ತೆಗೆದಿರಿ ಅಂತ ತಿರುಗಿ ಕೇಳಿದರೆ ಉತ್ತರವೂ ಒಂದೇ: ತಿಂಡಿ ಮುಗಿಸಿಕೊಂಡು, ಹನ್ನೊಂದರ ಮೇಲೆ. ನಿಮ್ಮ ಫೋಟೊ ಕೆಡಿಸಿದ್ದು ಲೆನ್ಸ್ ಅಲ್ಲ, ಝಳ.

"ಚಳಿಗಾಲದಲ್ಲಿ ಎಲ್ಲಿಯ ಝಳ?" ಅನ್ನುತ್ತಾರೆ. ಈ ಒಂದು ನಂಬಿಕೆಯನ್ನು ದಯವಿಟ್ಟು ಇವತ್ತೇ ಬಿಟ್ಟುಬಿಡಿ. ಝಳಕ್ಕೆ ಸೆಕೆ ಬೇಕಿಲ್ಲ. ನೆಲ ಬಿಸಿ, ಮೇಲಿನ ಗಾಳಿ ತಂಪು, ಅಷ್ಟಿದ್ದರೆ ಸಾಕು. ಹಿಮ ಬೀಳುವ ದೇಶಗಳಲ್ಲೂ ಬಿಸಿಲು ಬಂದ ದಿನ ಈ ತೊಂದರೆ ಇದೆ. ನಮ್ಮ ಎರೆಭೂಮಿಯಂತೂ ಕಪ್ಪು. ಬಿಸಿಲು ಬಿದ್ದ ಸ್ವಲ್ಪ ಹೊತ್ತಿಗೇ ಕಾಯುತ್ತದೆ. ಅದರ ಮೇಲಿನ ಬಿಸಿ ಗಾಳಿ ಏಳುತ್ತಾ ತಂಪು ಗಾಳಿಯ ಜೊತೆ ಕಲೆಯುತ್ತದೆ, ಬೆಳಕು ಅದರೊಳಗೆ ಅಂಕುಡೊಂಕಾಗಿ ಬರುತ್ತದೆ. ಉರಿಯುವ ಒಲೆಯ ಆಚೆಗಿನ ಗೋಡೆ ಅಲುಗಾಡಿದಂತೆ ಕಾಣುತ್ತಲ್ವಾ, ಅದೇ ಇದು. ಹಕ್ಕಿ ದೂರ ಇದ್ದಷ್ಟೂ ನಡುವೆ ಇಂಥ ಗಾಳಿ ಜಾಸ್ತಿ. ಇನ್ನೂ ದೊಡ್ಡ ಲೆನ್ಸ್ ಹಾಕಿದರೆ ಆ ಅಲುಗಾಟವೂ ದೊಡ್ಡದಾಗಿ ಕಾಣುತ್ತದೆ, ಅಷ್ಟೇ. ಈಗಷ್ಟೇ ನಿಲ್ಲಿಸಿದ ಕಾರಿನ ಬಾನೆಟ್ ಮೇಲಿಂದ ತೆಗೆದರೂ ಇದೇ ಕಥೆ.

ನಂಬಿಕೆ ಬರದಿದ್ದರೆ ಪರೀಕ್ಷೆ ಮಾಡಿ. ಬೆಳಗ್ಗೆ ಹತ್ತು ಮೀಟರ್ ದೂರದ ಗೊರವಂಕದ ಫೋಟೊ ತೆಗೆಯಿರಿ. ಒಂದೊಂದು ಗರಿಯೂ ಸ್ಪಷ್ಟವಾಗಿ ಬಂದರೆ ಲೆನ್ಸ್ ಚೆನ್ನಾಗಿದೆ. ಆಮೇಲೆ ದೂರದ ಹೆಬ್ಬಾತಿನದು ಸಾಲಾಗಿ ಹತ್ತು ತೆಗೆಯಿರಿ. ಒಂದೊಂದೂ ಒಂದೊಂದು ಥರ ಕೆಟ್ಟಿದ್ದರೆ ಅದು ಗಾಳಿಯ ಕೆಲಸ. ಫೋಕಸ್ ತಪ್ಪಿದ್ದರೆ ಹಕ್ಕಿಯ ಹಿಂದೆಯೋ ಮುಂದೆಯೋ ಏನಾದರೂ ಸ್ಪಷ್ಟವಾಗಿರುತ್ತದೆ. ಶಟರ್ ನಿಧಾನವಾಗಿದ್ದರೆ ಚಿತ್ರ ಒಂದೇ ದಿಕ್ಕಿಗೆ ಎಳೆದಂತಿರುತ್ತದೆ. ಹಾರುವ ಹಕ್ಕಿಗೆ ಶಟರ್ ವೇಗ 1/2000 ಸೆಕೆಂಡ್ ಇಡಿ.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳುತ್ತೇನೆ. ಹೆಬ್ಬಾತುಗಳು ಹಗಲೆಲ್ಲಾ ಕೆರೆಯ ನಡುವೆ ಯಾಕೆ ಕೂರುತ್ತವೆ? ಅದು ಅವುಗಳ ವಿಶ್ರಾಂತಿ. ಮೇಯೋದು ಸುತ್ತಲಿನ ಹೊಲಗಳಲ್ಲಿ, ಜಾಸ್ತಿ ಬೆಳಗಿನ ಜಾವ ಮತ್ತು ಸಂಜೆಯ ಮೇಲೆ. ಹಿಮಾಲಯ ದಾಟಿ ಬಂದ ಹಕ್ಕಿ ಅದು. ಹಾರುವ ಫೋಟೊ ಬೇಕು ಅಂತ ಚಪ್ಪಾಳೆ ತಟ್ಟೋದು, ಕಲ್ಲು ಎಸೆಯೋದು ಖಂಡಿತ ಬೇಡ. ಗುಂಪಿನಲ್ಲಿ ನಾಲ್ಕಾರು ಕತ್ತು ಒಟ್ಟಿಗೆ ಮೇಲೆದ್ದರೆ ನೀವು ಆಗಲೇ ಜಾಸ್ತಿ ಹತ್ತಿರ ಬಂದಿದ್ದೀರಿ, ಹಿಂದೆ ಸರಿಯಿರಿ. ಸೂರ್ಯ ಹುಟ್ಟುವ ಮುಂಚೆಯೇ ಕೆರೆಯ ಏರಿಯ ಮೇಲೆ ಸುಮ್ನೆ ಕೂತಿರಿ. ಹೊಲದಿಂದ ಸಾಲು ಸಾಲಾಗಿ, ಕೂಗುತ್ತಾ, ಅವೇ ನಿಮ್ಮ ತಲೆಯ ಮೇಲೆ ಬರುತ್ತವೆ. ಆ ಹೊತ್ತಿಗೆ ನೆಲ ಇನ್ನೂ ಕಾದಿರುವುದಿಲ್ಲ. ತಲೆಯ ಮೇಲಿನ ಎರಡು ಕಪ್ಪು ಪಟ್ಟೆಗಳನ್ನು ಎಣಿಸುವಷ್ಟು ಸ್ಪಷ್ಟವಾಗಿ, ನಿಮ್ಮ ಇದೇ ಲೆನ್ಸಿನಲ್ಲಿ ಸಿಗುತ್ತವೆ.