90 ಡಿಗ್ರಿ ತಿರುಗಿಸುವಾಗ ಮೈನಸ್ ಎಲ್ಲಿ ಹಾಕಬೇಕು?

ಓದುಗರ ಪ್ರಶ್ನೆ: "ಮಗಳು ಒಂಬತ್ತನೇ ಕ್ಲಾಸು. ಗ್ರಾಫ್ ಹಾಳೆಯ ಮೇಲಿರುವ ತ್ರಿಕೋನವನ್ನು 90 ಡಿಗ್ರಿ ತಿರುಗಿಸು ಅಂದರೆ ಎಕ್ಸ್, ವೈ ಎರಡನ್ನೂ ಅದಲುಬದಲು ಮಾಡುತ್ತಾಳೆ. ಆದರೆ ಮೈನಸ್ ಎಲ್ಲಿ ಹಾಕಬೇಕು ಅನ್ನೋದನ್ನು ಪ್ರತಿ ಸಲ ತಪ್ಪುತ್ತಾಳೆ. ಕೆಲವು ಸಲ ಹಾಕೋದೇ ಇಲ್ಲ. ಸೂತ್ರ ಬಾಯಿಪಾಠ ಮಾಡಿಸಿದ್ದೂ ಆಯ್ತು. ನೆನಪಿಡೋಕೆ ಏನಾದರೂ ಉಪಾಯ ಇದೆಯಾ ಸರ್?" (ಡೊಂಬಿವಲಿಯಿಂದ ಒಬ್ಬ ತಾಯಿ)

ಈ ತಪ್ಪನ್ನು ಮಾಟುಂಗದ ನನ್ನ ಟ್ಯೂಷನ್ ಮೇಜಿನ ಮೇಲೆ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಮಗುವನ್ನು ಬೈಯಬೇಡಿ. ಪುಸ್ತಕದಲ್ಲಿ ಏಳೆಂಟು ಸೂತ್ರಗಳನ್ನು ಒಂದರ ಕೆಳಗೊಂದು ಬರೆದು ಸುತ್ತ ಚೌಕಟ್ಟು ಹಾಕಿಬಿಟ್ಟಿರುತ್ತಾರೆ, ಎಲ್ಲವೂ ಅಣ್ಣತಮ್ಮಂದಿರ ಹಾಗೆ ಒಂದೇ ಥರ ಕಾಣುತ್ತವೆ, ಪರೀಕ್ಷೆಯ ಗಡಿಬಿಡಿಯಲ್ಲಿ ಅಣ್ಣನನ್ನು ತಮ್ಮ ಅಂದುಕೊಳ್ಳುವುದು ಸಹಜ. ಮಂಚದ ಕೆಳಗೆ ಕೇರಂ ಬೋರ್ಡ್ ಇದ್ದರೆ ಎಳೆಯಿರಿ. ಇಲ್ಲದಿದ್ದರೆ ಚೌಕಾಕಾರದ ಟ್ರೇ ಆದರೂ ನಡೆಯುತ್ತದೆ.

ಬೋರ್ಡಿನ ನಡುವೆ ರಾಣಿ ಇಡಿ. ಅದೇ ನಮ್ಮ ಓರಿಜಿನ್, ಅಂದರೆ (0, 0). ರಾಣಿಯಿಂದ ಬಲಕ್ಕೆ ಮೂರು ಬೆರಳು, ಅಲ್ಲಿಂದ ಮುಂದಕ್ಕೆ ಎರಡು ಬೆರಳು ಅಳೆದು ಒಂದು ಬಿಳಿ ಕಾಯಿ ಇಡಿ. ಅದು (3, 2). ಈಗ ಮಗಳು ಕೂತ ಜಾಗದಿಂದ ಏಳಬಾರದು, ಬೋರ್ಡನ್ನು ಮಾತ್ರ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಕಾಲು ಸುತ್ತು ತಿರುಗಿಸಲಿ, ಕಾಯಿ ಜಾರದ ಹಾಗೆ ನಿಧಾನವಾಗಿ. ಏನಾಯ್ತು? ಬೋರ್ಡಿನ ಬಲಗಡೆ ಇದ್ದದ್ದು ಮುಂದೆ ಹೋಯಿತು. ಮುಂದೆ ಇದ್ದದ್ದು ಎಡಕ್ಕೆ ಬಂತು. ಹಾಗಾಗಿ "ಬಲಕ್ಕೆ ಮೂರು" ಅನ್ನೋದು "ಮುಂದಕ್ಕೆ ಮೂರು" ಆಯ್ತು, "ಮುಂದಕ್ಕೆ ಎರಡು" ಅನ್ನೋದು "ಎಡಕ್ಕೆ ಎರಡು" ಆಯ್ತು. ಎಡಕ್ಕೆ ಅಂದರೆ ಮೈನಸ್. ಕಾಯಿ ಈಗ (−2, 3) ರಲ್ಲಿ ಇದೆ.

ಅಷ್ಟೇ ಸೂತ್ರ. (ಎಕ್ಸ್, ವೈ) ಹೋಗಿ (−ವೈ, ಎಕ್ಸ್) ಆಗುತ್ತದೆ ಅಂತ ಪುಸ್ತಕ ಹೇಳುವುದೂ ಇದನ್ನೇ. ಮೈನಸ್ ಯಾರೋ ತಂದು ಹಚ್ಚಿದ್ದಲ್ಲ, ಮುಂದಿದ್ದದ್ದು ಎಡಕ್ಕೆ ಬಂದಿದ್ದರಿಂದ ಹುಟ್ಟಿದ್ದು. ಮಗಳು ನೆನಪಿಡಬೇಕಾದ್ದು ಎರಡೇ ಮಾತು: ಬಲ ಎಲ್ಲಿಗೆ ಹೋಯಿತು, ಮೇಲೆ (ಬೋರ್ಡಿನಲ್ಲಿ ಮುಂದೆ ಅಂದದ್ದೇ ಹಾಳೆಯಲ್ಲಿ ಮೇಲೆ) ಎಲ್ಲಿಗೆ ಹೋಯಿತು. ಉಳಿದ ಬಿಂದುಗಳೆಲ್ಲ ಇವೆರಡರ ಹಿಂದೆಯೇ ಬರುತ್ತವೆ. ಮುಂದೆ ಕಾಲೇಜಿನಲ್ಲಿ ಮ್ಯಾಟ್ರಿಕ್ಸ್ ಅಂತ ಕಲಿಸುವಾಗಲೂ ಇದೇ ಎರಡು ಪ್ರಶ್ನೆಯ ಉತ್ತರವನ್ನು ಎರಡು ಕಂಬಸಾಲಾಗಿ (ಕಾಲಮ್) ಬರೆಯುತ್ತಾರೆ, ಬೇರೇನಿಲ್ಲ.

ದಿಕ್ಕಿನ ಬಗ್ಗೆ ಒಂದು ಮಾತು. ಗಣಿತದಲ್ಲಿ ಯಾವ ದಿಕ್ಕು ಅಂತ ಹೇಳದೆ ಸುಮ್ನೆ 90 ಅಂದರೆ ಗಡಿಯಾರಕ್ಕೆ ವಿರುದ್ಧ ಅಂತ ಲೆಕ್ಕ. ನಮ್ಮ ಮಕ್ಕಳಿಗೆ ಇಲ್ಲೇ ಎಡವಟ್ಟು, ಯಾಕೆಂದರೆ ದೇವಸ್ಥಾನದಲ್ಲಿ ದೇವರನ್ನು ಬಲಗಡೆ ಇಟ್ಟುಕೊಂಡು ಸುತ್ತು ಬರುವುದು ಗಡಿಯಾರದ ದಿಕ್ಕಿನಲ್ಲಿ. ಕನ್ನಡ ಪುಸ್ತಕಗಳಲ್ಲಿ ಇದಕ್ಕೆ ಪ್ರದಕ್ಷಿಣ, ಅಪ್ರದಕ್ಷಿಣ ಅಂತಲೇ ಹೆಸರು. ಗಣಿತದ ಪ್ಲಸ್ ಅಪ್ರದಕ್ಷಿಣ, ದೇವರ ಸುತ್ತು ಮೈನಸ್! ನನ್ನ ಹುಡುಗರು ನಕ್ಕುಬಿಡುತ್ತಾರೆ, ಆದರೆ ಮರೆಯುವುದಿಲ್ಲ. ಪ್ರದಕ್ಷಿಣವಾಗಿ ಬೋರ್ಡ್ ತಿರುಗಿಸಿದರೆ ಬಲ ಹಿಂದಕ್ಕೆ ಬರುತ್ತದೆ, ಮುಂದಿನದು ಬಲಕ್ಕೆ ಬರುತ್ತದೆ, (3, 2) ಹೋಗಿ (2, −3) ಆಗುತ್ತದೆ.

ಈಗ ನಿಮ್ಮ ಮಗಳ ತಪ್ಪಿಗೆ ಬರೋಣ. ಅವಳು ಮಾಡುತ್ತಿರುವುದು ಒಂದು ತಪ್ಪಲ್ಲ, ಎರಡು ಬೇರೆ ಬೇರೆ ತಪ್ಪು. ಮೈನಸ್ ತಪ್ಪು ಜಾಗದಲ್ಲಿ ಹಾಕಿದರೆ ಆಕಾರ ಉಲ್ಟಾ ದಿಕ್ಕಿಗೆ ತಿರುಗುತ್ತದೆ, ಆದರೂ ತಿರುಗಿರುತ್ತದೆ. ಮೈನಸ್ಸೇ ಬಿಟ್ಟರೆ ಕಥೆ ಬೇರೆ: ಆಕಾರ ತಿರುಗುವುದೇ ಇಲ್ಲ, ಕನ್ನಡಿಯೊಳಗೆ ಹೋಗಿಬಿಡುತ್ತದೆ. ನಂಬಿಕೆ ಬಾರದಿದ್ದರೆ ಒಂದು ತ್ರಿಕೋನ ತೆಗೆದುಕೊಳ್ಳಿ. ಕ (1, 1), ಖ (4, 1), ಗ (4, 3). ಇದರ ಮೇಲೆ ನಡೆದುಕೊಂಡು ಹೋಗುತ್ತಿದ್ದೇವೆ ಅಂದುಕೊಳ್ಳಿ. ಕ ಯಿಂದ ಖ ಗೆ ಬಲಕ್ಕೆ ಹೋಗುತ್ತೇವೆ, ಅಲ್ಲಿಂದ ಗ ಗೆ ಮೇಲಕ್ಕೆ. ರಿಕ್ಷಾದವನಿಗೆ ಹೇಳುವ ಹಾಗಿದ್ದರೆ "ಖ ಹತ್ತಿರ ಎಡಕ್ಕೆ ತಗೊಳ್ಳಿ" ಅನ್ನುತ್ತೇವೆ.

ಸರಿಯಾಗಿ ತಿರುಗಿಸಿದರೆ ಬಿಂದುಗಳು (−1, 1), (−1, 4), (−3, 4). ಮೊದಲು ಮೇಲಕ್ಕೆ, ಆಮೇಲೆ ಎಡಕ್ಕೆ. ಈಗಲೂ ಎಡ ತಿರುವೇ. ಊರನ್ನೇ ಗಿರಗಿರ ತಿರುಗಿಸಿದರೂ ಎಡ ತಿರುವು ಎಡ ತಿರುವಾಗಿಯೇ ಉಳಿಯುತ್ತದೆ. ಮೈನಸ್ ಬಿಟ್ಟು ಬರೀ ಅದಲುಬದಲು ಮಾಡಿದರೆ (1, 1), (1, 4), (3, 4). ಮೇಲಕ್ಕೆ ಹೋಗಿ ಬಲಕ್ಕೆ! ಎಡ ತಿರುವು ಬಲ ತಿರುವಾಯ್ತು, ಅಂದರೆ ಇದು ಕನ್ನಡಿಯ ಕೆಲಸ. ಎಡಗಾಲಿನ ಚಪ್ಪಲಿಯನ್ನು ನೆಲದ ಮೇಲೆ ಎಷ್ಟು ಗಿರಗಿರ ತಿರುಗಿಸಿದರೂ ಅದು ಬಲಗಾಲಿನದಾಗುವುದಿಲ್ಲ ಅಲ್ವಾ, ಕನ್ನಡಿಯಲ್ಲಿ ಮಾತ್ರ ಆಗುತ್ತದೆ. ಉತ್ತರ ಬರೆದ ಮೇಲೆ ಈ ತಿರುವನ್ನು ಒಂದು ಸಲ ನೋಡಲು ಹೇಳಿ. ಹತ್ತು ಸೆಕೆಂಡಿನ ಕೆಲಸ, ಮಾರ್ಕ್ಸ್ ಉಳಿಯುತ್ತದೆ.

ನೀವು ಕೇಳಿದ ಉಪಾಯ ಈಗ. ಶಾಲೆಯ ಸೂತ್ರಗಳಲ್ಲಿ ಎರಡೇ ಥರದ ಚೇಷ್ಟೆ ಇರುತ್ತದೆ: ಎಕ್ಸ್, ವೈ ಜಾಗ ಬದಲಿಸುವುದು, ಮತ್ತು ಮೈನಸ್ ಹಚ್ಚುವುದು. ಜಾಗ ಬದಲಿಸಿದ್ದಕ್ಕೆ ಒಂದು ಎಣಿಸಿ, ಒಂದೊಂದು ಮೈನಸ್ಸಿಗೂ ಒಂದೊಂದು ಎಣಿಸಿ. ಮೊತ್ತ ಸಮ ಸಂಖ್ಯೆ ಬಂದರೆ ತಿರುಗಿಸುವುದು, ಬೆಸ ಸಂಖ್ಯೆ ಬಂದರೆ ಕನ್ನಡಿ. (−ವೈ, ಎಕ್ಸ್): ಅದಲುಬದಲು ಒಂದು, ಮೈನಸ್ ಒಂದು, ಒಟ್ಟು ಎರಡು, ತಿರುಗಿಸುವುದು. (−ಎಕ್ಸ್, −ವೈ): ಎರಡು ಮೈನಸ್, ಇದೂ ತಿರುಗಿಸುವುದೇ, 180 ಡಿಗ್ರಿ. (ಎಕ್ಸ್, −ವೈ): ಒಂದೇ ಮೈನಸ್, ಎಕ್ಸ್ ಅಕ್ಷದಲ್ಲಿ ನಿಂತ ಕನ್ನಡಿ. ಇಂಥವು ಒಟ್ಟು ಎಂಟೇ ಇರುವುದು, ಏನೂ ಮಾಡದೆ ಸುಮ್ಮನಿರುವುದನ್ನೂ ಸೇರಿಸಿ. ನಾಲ್ಕು ತಿರುಗಿಸುವುದು, ನಾಲ್ಕು ಕನ್ನಡಿ. ಕೇರಂ ಬೋರ್ಡ್ ಚೌಕವಾಗಿರುವುದರಿಂದ ಅದನ್ನು ಅದರದೇ ಜಾಗದಲ್ಲಿ ಕೂರಿಸಲು ಇರುವ ದಾರಿಗಳೂ ಇಷ್ಟೇ.

ಇದು ಯಾಕೆ ಕೆಲಸ ಮಾಡುತ್ತದೆ ಅಂದರೆ, ಆ ಒಂದೊಂದು ಚೇಷ್ಟೆಯೂ ಒಂದೊಂದು ಕನ್ನಡಿ. ಚಪ್ಪಲಿ ಒಂದು ಕನ್ನಡಿಯಲ್ಲಿ ಎಡದಿಂದ ಬಲವಾಗುತ್ತದೆ, ಆ ಬಿಂಬವನ್ನು ಇನ್ನೊಂದು ಕನ್ನಡಿಯಲ್ಲಿ ನೋಡಿದರೆ ಮತ್ತೆ ಎಡ. ಎರಡು ಕನ್ನಡಿಗಳು ಒಂದನ್ನೊಂದು ಕತ್ತರಿಸುವ ಹಾಗೆ ನಿಂತಿದ್ದರೆ, ಎರಡೂ ಸೇರಿ ಆಕಾರವನ್ನು ತಿರುಗಿಸುತ್ತವೆ, ಅದೂ ನಡುವಿನ ಕೋನದ ಎರಡು ಪಟ್ಟು. ಅದಲುಬದಲಿನ ಕನ್ನಡಿ 45 ಡಿಗ್ರಿ ಓರೆಯಾಗಿದೆ, ಮೊದಲನೇ ಸಂಖ್ಯೆಗೆ ಮೈನಸ್ ಹಚ್ಚುವ ವೈ ಅಕ್ಷದ ಕನ್ನಡಿ ಅದರಿಂದ ಇನ್ನೂ 45 ಡಿಗ್ರಿ ಆಚೆ. ಎರಡು ಪಟ್ಟು 90. ಲೆಕ್ಕ ಕೂಡಿತು! ಮೊದಲು ಅದಲುಬದಲು ಮಾಡಿ ಆಮೇಲೆ ಮೊದಲನೇ ಸಂಖ್ಯೆಗೆ ಮೈನಸ್ ಹಾಕಿದರೆ (−ವೈ, ಎಕ್ಸ್). ಅದೇ ಮೊದಲನೇ ಸಂಖ್ಯೆಗೆ ಮುಂಚೆಯೇ ಮೈನಸ್ ಹಾಕಿ ಆಮೇಲೆ ಅದಲುಬದಲು ಮಾಡಿದರೆ (ವೈ, −ಎಕ್ಸ್), ಅದು ಪ್ರದಕ್ಷಿಣ. ಮೈನಸ್ ಜಾಗ ತಪ್ಪುವ ರೋಗದ ಮೂಲ ಹೆಚ್ಚಾಗಿ ಇದೇ, ಎರಡೂ ಕೆಲಸ ಮಾಡಿರುತ್ತಾರೆ ಆದರೆ ಹಿಂದುಮುಂದು.

ಇನ್ನು ಕನ್ನಡಿಗಳು ಕತ್ತರಿಸದೆ ಎದುರುಬದುರಾಗಿ ನಿಂತಿದ್ದರೆ? ಸಲೂನಿನಲ್ಲಿ ಹಾಗೇ ಇರುತ್ತದೆ. ಕುರ್ಚಿಯಲ್ಲಿ ಕೂತು ನೋಡಿದರೆ ನಮ್ಮದೇ ತಲೆಗಳು ಸಾಲಾಗಿ ದೂರ ಹೋಗುತ್ತಿರುತ್ತವೆ. ಎರಡು ಸಲ ಬಿಂಬಿಸಿದ ತಲೆ ತಿರುಗಿರುವುದಿಲ್ಲ, ಕನ್ನಡಿಗಳ ನಡುವಿನ ದೂರದ ಎರಡು ಪಟ್ಟು ಸರಿದಿರುತ್ತದೆ ಅಷ್ಟೇ. ಅದಕ್ಕೆ ಪುಸ್ತಕದಲ್ಲಿ ಟ್ರಾನ್ಸ್‌ಲೇಶನ್ ಅನ್ನುತ್ತಾರೆ. ಎಲ್ಲ ಬಿಂದುವೂ ಒಂದೇ ದಿಕ್ಕಿಗೆ, ಒಂದೇ ಅಳತೆ ಸರಿಯಬೇಕು, ಇಲ್ಲದಿದ್ದರೆ ಅದು ಟ್ರಾನ್ಸ್‌ಲೇಶನ್ ಅಲ್ಲ. ಮುಂಬೈಯ ದಾದರ್ ಸ್ಟೇಷನ್ ನೆನಪಿಸಿಕೊಳ್ಳಿ. 2023ರ ಡಿಸೆಂಬರಿನಲ್ಲಿ ಸೆಂಟ್ರಲ್ ರೈಲ್ವೆ ಕಡೆಯ ಪ್ಲಾಟ್‌ಫಾರ್ಮ್‌ಗಳಿಗೆ 8ರಿಂದ 14ರವರೆಗೆ ಹೊಸ ನಂಬರ್ ಕೊಟ್ಟರಲ್ಲ, ಆಗ ಹಳೆಯ 1 ಹೋಗಿ 8 ಆಯ್ತು. ಓಹೋ ಏಳು ಕೂಡಿಸಿದರೆ ಸಾಕು ಅಂತ ಅಂದುಕೊಂಡು ಹಳೆಯ 3ನ್ನು ಹುಡುಕಿಕೊಂಡು ನಾನು 10ಕ್ಕೆ ಇಳಿದೆ. ಅದು 9 ಆಗಿತ್ತು. 1ನ್ನು ಅಗಲ ಮಾಡುವಾಗ 2 ಅನ್ನೋದೇ ಇಲ್ಲವಾಗಿದ್ದರಿಂದ 3ರಿಂದ ಮುಂದಿನವು ಆರಾರೇ ಸರಿದವು. ಆರು ಪ್ಲಾಟ್‌ಫಾರ್ಮ್ ಮಟ್ಟಿಗೆ ಟ್ರಾನ್ಸ್‌ಲೇಶನ್, ಒಂದನೆಯದನ್ನು ಸೇರಿಸಿದರೆ ಅಲ್ಲ!

ದೊಡ್ಡದು ಚಿಕ್ಕದು ಮಾಡುವ ಎನ್‌ಲಾರ್ಜ್‌ಮೆಂಟ್ ಲೆಕ್ಕದಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ. ಎರಡು ಪಟ್ಟು ಅಂದರೆ ಉದ್ದ ಎರಡು ಪಟ್ಟು, ಕ್ಷೇತ್ರಫಲ ನಾಲ್ಕು ಪಟ್ಟು. ಇದೊಂದನ್ನು ಮರೆಯದಿದ್ದರೆ ಸಾಕು.

ಪರೀಕ್ಷೆಯಲ್ಲಿ ಇನ್ನೊಂದು ಗುಂಡಿ ತೋಡಿಟ್ಟಿರುತ್ತಾರೆ: ಓರಿಜಿನ್ ಬಿಟ್ಟು ಬೇರೆ ಬಿಂದುವಿನ ಸುತ್ತ ತಿರುಗಿಸು ಅನ್ನುವುದು. (5, 4) ಅನ್ನು (2, 3) ರ ಸುತ್ತ 90 ಡಿಗ್ರಿ ತಿರುಗಿಸಬೇಕು ಅಂದುಕೊಳ್ಳಿ. ರಾಣಿಯನ್ನು (2, 3) ರಲ್ಲಿ ಕೂರಿಸಿ. ಅಲ್ಲಿಂದ ನೋಡಿದರೆ ನಮ್ಮ ಕಾಯಿ ಬಲಕ್ಕೆ 3, ಮೇಲಕ್ಕೆ 1. ತಿರುಗಿಸಿದರೆ ಮೇಲಕ್ಕೆ 3, ಎಡಕ್ಕೆ 1. ರಾಣಿ ಇರುವ ಜಾಗದಿಂದಲೇ ಅಷ್ಟು ಎಣಿಸಿದರೆ (1, 6). ಕಳೆ, ತಿರುಗಿಸು, ಕೂಡಿಸು. ಕೊನೆಗೆ ಕೂಡಿಸುವುದನ್ನು ಮರೆತು (−1, 3) ಅಂತ ಬರೆದು ಬಿಟ್ಟುಬಂದ ಮಕ್ಕಳು ನನ್ನ ಹತ್ತಿರ ಪ್ರತಿ ವರ್ಷ ಇರುತ್ತಾರೆ.

ಒಂದು ಎಚ್ಚರಿಕೆ, ಮಗಳು ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಕೋಡಿಂಗ್ ಕಲಿಯುತ್ತಿದ್ದರೆ. ಪರದೆಯ ಮೇಲೆ ಸಾಮಾನ್ಯವಾಗಿ ಓರಿಜಿನ್ ಎಡ ಮೇಲ್ತುದಿಯಲ್ಲಿ ಇರುತ್ತದೆ, ವೈ ಕೆಳಗೆ ಹೋದಷ್ಟೂ ಹೆಚ್ಚಾಗುತ್ತದೆ. ಅಂಥ ಕಡೆ (−ವೈ, ಎಕ್ಸ್) ಹಾಕಿದರೆ ಕಣ್ಣಿಗೆ ಪ್ರದಕ್ಷಿಣವಾಗಿ ತಿರುಗಿದಂತೆ ಕಾಣುತ್ತದೆ. ಅವಳ ತಪ್ಪಲ್ಲ, ಅಕ್ಷವೇ ಕನ್ನಡಿಯಲ್ಲಿದೆ.

ಕೊನೆಗೆ ಮಗಳಿಗೆ ನನ್ನದೊಂದು ಪ್ರಶ್ನೆ. (ಎಕ್ಸ್, ವೈ) ಹೋಗಿ (−ವೈ, −ಎಕ್ಸ್) ಆದರೆ ಅದು ತಿರುಗಿಸುವುದೋ ಕನ್ನಡಿಯೋ? ಎಣಿಸಿದರೆ ಅಷ್ಟು ಗೊತ್ತಾಗುತ್ತದೆ. ಕನ್ನಡಿಯಾದರೆ ಎಲ್ಲಿ ನಿಂತಿದೆ ಅಂತಲೂ ಹೇಳಬೇಕು. (1, −1) ಅನ್ನು ಅದರೊಳಗೆ ಹಾಕಿ ನೋಡಲಿ, ಆಮೇಲೆ (2, −2). ಕನ್ನಡಿಯ ಗಾಜಿಗೆ ಅಂಟಿಕೊಂಡ ಬಿಂದುಗಳು ಮಾತ್ರ ಇದ್ದಲ್ಲೇ ಇರುತ್ತವೆ.