ನೊಂದವರು ನೋಯಿಸಿದಾಗ

ಆಪ್ತ ಸಮಾಲೋಚನೆಗೆ ಬರುವ ಕೆಲವು ಗಂಡಸರ ಕತೆ ಕೇಳಿದರೆ ಕರುಳು ಕಿತ್ತು ಬರುತ್ತದೆ. ಹುಟ್ಟಿನ ಕಾರಣಕ್ಕೋ, ಮೈಬಣ್ಣದ ಕಾರಣಕ್ಕೋ, ಆಡುವ ಭಾಷೆಯ ಕಾರಣಕ್ಕೋ ಚಿಕ್ಕಂದಿನಿಂದ ಬೈಸಿಕೊಂಡು, ತಳ್ಳಿಸಿಕೊಂಡು ಬೆಳೆದವರು. ಅದೇ ಮನುಷ್ಯ ಮನೆಗೆ ಹೋಗಿ ಹೆಂಡತಿಗೆ ಬೆಲ್ಟಿನಲ್ಲಿ ಬಾರಿಸುತ್ತಾನೆ. ಎರಡೂ ನಿಜ.

1939ರಲ್ಲೇ ಯೇಲ್ ವಿಶ್ವವಿದ್ಯಾಲಯದ ಜಾನ್ ಡೊಲಾರ್ಡ್ ಮತ್ತು ಸಂಗಡಿಗರು ಇದರ ಬಗ್ಗೆ ಬರೆದಿದ್ದರು: ಸಿಟ್ಟು ಬರಿಸಿದವರನ್ನು ಮುಟ್ಟಲು ಭಯವಾದರೆ ಆ ಸಿಟ್ಟು ಕೈಗೆ ಸಿಕ್ಕವರ ಮೇಲೆ ತಿರುಗುತ್ತದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ, ಅಷ್ಟೇ. ಆದರೆ ಒಂದು ವಿಷಯ ಗಮನಿಸಿ. 'ಕೈ ತಡೆಯೋಕೆ ಆಗಲ್ಲ ಮೇಡಂ' ಅನ್ನುವವನು, ದಿನವಿಡೀ ಅವಮಾನ ಮಾಡುವ ಮೇಲಧಿಕಾರಿಯ ಮುಂದೆ ಕೈ ತಡೆದುಕೊಂಡೇ ಇರುತ್ತಾನೆ, ಅಲ್ವಾ?

ನೊಂದವರೆಲ್ಲ ನೋಯಿಸುತ್ತಾರೆ ಅನ್ನೋದೂ ಸುಳ್ಳು. ಬಾಲ್ಯದಲ್ಲಿ ಹಿಂಸೆ ಅಥವಾ ನಿರ್ಲಕ್ಷ್ಯ ಅನುಭವಿಸಿದ ಮಕ್ಕಳ ಬಗ್ಗೆ ಅಮೆರಿಕದ ಸಂಶೋಧಕಿ ಕ್ಯಾಥಿ ವಿಡಮ್ 1989ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅವರಲ್ಲಿ ಅಪ್ರಾಪ್ತ ವಯಸ್ಸಿನಲ್ಲೇ ಬಂಧನದ ದಾಖಲೆ ಇದ್ದವರು ಶೇ. 26, ಹೋಲಿಕೆಗೆ ತೆಗೆದುಕೊಂಡ ಬೇರೆ ಮಕ್ಕಳಲ್ಲಿ ಶೇ. 17. ಅಪಾಯ ಹೆಚ್ಚೇನೋ ಹೌದು, ಆದರೆ ನಾಲ್ವರಲ್ಲಿ ಸುಮಾರು ಮೂವರ ಹೆಸರು ಆ ಪಟ್ಟಿಯಲ್ಲೇ ಇರಲಿಲ್ಲ. (ಬಂಧನದ ಲೆಕ್ಕವೇ ಅಪರಾಧದ ಲೆಕ್ಕ ಅಲ್ಲ ಬಿಡಿ, ಪೊಲೀಸರು ಯಾರ ಬೀದಿಗೆ ಜಾಸ್ತಿ ಬರುತ್ತಾರೆ ಅನ್ನೋದೂ ಅದರಲ್ಲಿ ಸೇರಿರುತ್ತದೆ.)

ನನಗೆ ಇದಕ್ಕಿಂತ ಕಷ್ಟ ಅನಿಸೋದು ಹೆಂಗಸರ ಮೌನ. ಕೆನ್ನೆ ಊದಿಸಿಕೊಂಡು ಬಂದಾಕೆ, ದೂರು ಕೊಡೋಣ ಅಂದರೆ ತಲೆ ಅಲ್ಲಾಡಿಸುತ್ತಾಳೆ. 'ಮೊದಲೇ ನಮ್ಮೋರು ಅಂದ್ರೆ ಒರಟರು ಅಂತಾರೆ. ನಾನೂ ಹೋಗಿ ಅದನ್ನೇ ಹೇಳ್ಲಾ?' ಅವಳ ಭಯ ಸುಮ್ನೆ ಅಲ್ಲ. ಬಲ ಇರುವ ಗುಂಪಿನವನೊಬ್ಬ ಹೆಂಡತಿಗೆ ಹೊಡೆದರೆ ಅದು ಅವನೊಬ್ಬನ ತಪ್ಪು, ತುಳಿತಕ್ಕೊಳಗಾದವನು ಹೊಡೆದರೆ ಅವನ ಕುಲದ್ದೇ ಗುಣ ಅಂತ ಮಾತು ಹಬ್ಬುತ್ತದೆ. ಹಾಗಾಗಿ ಗುಂಪಿನ ಮಾನ ಉಳಿಸುವ ಭಾರ ಕೊನೆಗೆ ಹೊಡೆಸಿಕೊಂಡವಳ ತಲೆಗೇ ಬೀಳುತ್ತದೆ. ಗುಂಪಿನ ಹಿರಿಯರೂ 'ಹೊರಗಡೆ ಹೇಳಬೇಡಮ್ಮ' ಅಂತ ಕಳಿಸಿಬಿಡುತ್ತಾರೆ. ಅವರ ನೋವು ದೊಡ್ಡದೇ ಇರಬಹುದು, ಆದರೂ ಇದನ್ನು ನಾನು ಒಪ್ಪೋದಿಲ್ಲ.

ಹೊಡೆತ ನಡೆಯುತ್ತಿರುವ ಮನೆಯ ಗಂಡ ಹೆಂಡತಿಯನ್ನು ನಾನು ಒಟ್ಟಿಗೆ ಕೂರಿಸಿ ಮಾತಾಡಿಸುವುದಿಲ್ಲ. ಮೊದಲು ಅವಳು, ಮಕ್ಕಳು ಇವತ್ತು ರಾತ್ರಿ ಎಲ್ಲಿರುತ್ತಾರೆ ಅನ್ನೋದು ತೀರ್ಮಾನ ಆಗಬೇಕು. ಆಮೇಲೆ ಬೇರೆ ದಿನ ಅವನ ಸರದಿ. 'ಹಾಗಾದ್ರೆ ನನಗಾದ ಅನ್ಯಾಯಕ್ಕೆ ಬೆಲೆನೇ ಇಲ್ವಾ?' ಅಂತ ಅವನು ಕೇಳೇ ಕೇಳುತ್ತಾನೆ. ಇದೆ. ಅದಕ್ಕೆ ದೂರು ಬರೆಯಲು ಕೂರುತ್ತೇವೆ, ವಕೀಲರನ್ನು ಹುಡುಕುತ್ತೇವೆ. ಹೊಡೆದದ್ದರ ಮಾತು ಅದರ ಜೊತೆಗೇ ನಡೆಯುತ್ತದೆ, ಅದಕ್ಕೆ ರಿಯಾಯಿತಿ ಇಲ್ಲ.