ಪಲ್ಸ್ ಪವರ್ ಅಳೆಯುವಾಗ ಮೊದಲು ನೋಡಬೇಕಾದದ್ದು ಸಮಯದ ಅಕ್ಷ

ಚಿಕ್ಕ ತುಣುಕುಗಳಾಗಿ ಬಿಟ್ಟು ಬಿಟ್ಟು ಬರುವ ಪಲ್ಸ್ ಸಿಗ್ನಲ್ಲಿನ ಪವರ್ ನಿರೀಕ್ಷೆಗಿಂತ ಕಡಿಮೆ ಬಂದರೆ ಹೆಚ್ಚಿನವರು ಮೊದಲು ಸೆನ್ಸರಿನ ಕ್ಯಾಲಿಬ್ರೇಷನ್ ಮೇಲೆ, ಆಮೇಲೆ ಅಟೆನ್ಯುಯೇಟರ್ (ಸಿಗ್ನಲ್ಲನ್ನು ತಗ್ಗಿಸುವ ಭಾಗ) ಮತ್ತು ಕೇಬಲ್ ಮೇಲೆ ಅನುಮಾನ ಪಡುತ್ತಾರೆ. ನನ್ನ ಅನುಭವದಲ್ಲಿ ಇಂಥ ದೂರುಗಳಲ್ಲಿ ದೊಡ್ಡ ಪಾಲು ಸಮಯದ ಅಕ್ಷವನ್ನು, ಅಂದರೆ ಮೀಟರಿನ ಪರದೆಯ ಅಡ್ಡಗೆರೆ ಎಷ್ಟು ಸಮಯವನ್ನು ತೋರಿಸಬೇಕೆಂಬುದನ್ನು, ಸರಿಯಾಗಿ ಹೊಂದಿಸದೆ ಇರುವುದರಿಂದಲೇ ಹುಟ್ಟಿದವು.

ಉಷ್ಣ ತತ್ವದ ಸೆನ್ಸರುಗಳಿಗೆ ಪಲ್ಸ್ ಕಾಣುವುದಿಲ್ಲ, ಸರಾಸರಿ ಪವರ್ ಮಾತ್ರ ಕಾಣುತ್ತದೆ. ಅದನ್ನು, ಒಟ್ಟು ಅವಧಿಯಲ್ಲಿ ಪಲ್ಸ್ ಇರುವ ಪಾಲಾದ ಡ್ಯೂಟಿ ಸೈಕಲ್‌ನಿಂದ ಭಾಗಿಸಿ ಪಲ್ಸ್ ಪವರ್ ಪಡೆಯುವುದು ಹಳೆಯ ಕ್ರಮ. 1 ಮೈಕ್ರೋಸೆಕೆಂಡಿನ ಪಲ್ಸ್ 1 ಮಿಲಿಸೆಕೆಂಡಿಗೊಮ್ಮೆ ಬರುತ್ತಿದ್ದರೆ ಸಾವಿರದಲ್ಲೊಂದು ಪಾಲಿನಿಂದ ಭಾಗಿಸಬೇಕು, ಅಂದರೆ ಸರಾಸರಿಗೆ 30 ಡೆಸಿಬೆಲ್ ಕೂಡಿಸಿದರಾಯಿತು. ಆದರೆ ಪಲ್ಸ್ ಚೌಕಾಕಾರದಲ್ಲಿದ್ದು ಅಂತರ ಸ್ಥಿರವಾಗಿದ್ದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಇಲ್ಲದಿದ್ದರೆ ವೇಗದ ಡಯೋಡ್ ಸೆನ್ಸರ್ ಇರುವ ಪೀಕ್ ಪವರ್ ಮೀಟರ್ ಬೇಕು, ಸಮಯದ ಅಕ್ಷದ ಪ್ರಶ್ನೆ ಹುಟ್ಟುವುದೂ ಅಲ್ಲಿಂದಲೇ.

ಅದೇ ಪಲ್ಸನ್ನು ತೆಗೆದುಕೊಳ್ಳೋಣ. ಪರದೆಯಲ್ಲಿ 10 ವಿಭಾಗಗಳಿದ್ದು, ಒಂದು ವಿಭಾಗಕ್ಕೆ 200 ಮೈಕ್ರೋಸೆಕೆಂಡ್ ಇಟ್ಟರೆ 2 ಮಿಲಿಸೆಕೆಂಡಿನ ನೋಟ ಸಿಗುತ್ತದೆ, ಪಲ್ಸುಗಳ ನಡುವಿನ ಅಂತರವೂ ತಿಳಿಯುತ್ತದೆ. ಆದರೆ ಮೀಟರ್ ಆ ನೋಟವನ್ನು 500 ಬಿಂದುಗಳಲ್ಲಿ ಬಿಡಿಸುತ್ತಿದ್ದರೆ ಒಂದೊಂದು ಬಿಂದುವಿನ ಪಾಲಿಗೆ 4 ಮೈಕ್ರೋಸೆಕೆಂಡ್ ಬೀಳುತ್ತದೆ, ಪಲ್ಸಿನ ಅಗಲವೋ ಅದರ ಕಾಲು ಭಾಗ. ಪಲ್ಸ್ ಒಮ್ಮೆ ಕಾಣಿಸಿ ಇನ್ನೊಮ್ಮೆ ಮಾಯವಾಗುವುದು, ಎತ್ತರ ಕ್ಷಣಕ್ಕೊಂದು ತೋರುವುದು ಇದರಿಂದಲೇ ಹೊರತು ಸಿಗ್ನಲ್ಲಿನ ದೋಷದಿಂದಲ್ಲ. ಈ ಸೆಟ್ಟಿಂಗನ್ನು ಪಲ್ಸ್ ಎಲ್ಲಿದೆ ಎಂದು ಹುಡುಕುವುದಕ್ಕಷ್ಟೇ ಬಳಸಬೇಕು. ಅಳತೆಗೆ ವಿಭಾಗಕ್ಕೆ 200 ನ್ಯಾನೋಸೆಕೆಂಡಿಗೆ ಇಳಿದರೆ ಪಲ್ಸ್ ಐದು ವಿಭಾಗಗಳಷ್ಟು ಹರಡಿಕೊಳ್ಳುತ್ತದೆ, ಏರಂಚು (ಪಲ್ಸ್ ಏರುವ ಭಾಗ) ಮತ್ತು ಇಳಿಯಂಚು (ಇಳಿಯುವ ಭಾಗ) ಎರಡೂ ಪರದೆಯೊಳಗೇ ಉಳಿಯುತ್ತವೆ.

ಏರಂಚನ್ನೇ ಅಳೆಯಬೇಕಾದರೆ ವಿಭಾಗಕ್ಕೆ 20 ನ್ಯಾನೋಸೆಕೆಂಡಿನವರೆಗೂ ಹೋಗಬಹುದು. ಆದರೆ ಅಕ್ಷವನ್ನು ಹಿಗ್ಗಿಸಿದ ಮಾತ್ರಕ್ಕೆ ಸೆನ್ಸರ್ ವೇಗವಾಗುವುದಿಲ್ಲ. ಪವರಿನ ಏರಿಳಿತವನ್ನು ಎಷ್ಟು ವೇಗದವರೆಗೆ ಹಿಂಬಾಲಿಸಬಲ್ಲದೆಂಬ ಅಳತೆಯಾದ ವಿಡಿಯೋ ಬ್ಯಾಂಡ್‌ವಿಡ್ತ್ 5 ಮೆಗಾಹರ್ಟ್ಸ್ ಇರುವ ಸೆನ್ಸರಿನ ಸ್ವಂತ ಏರಿಕೆಯ ಸಮಯ, 0.35 ಅನ್ನು ಬ್ಯಾಂಡ್‌ವಿಡ್ತ್‌ನಿಂದ ಭಾಗಿಸುವ ಸ್ಥೂಲ ಲೆಕ್ಕದಂತೆ, ಸುಮಾರು 70 ನ್ಯಾನೋಸೆಕೆಂಡ್. ಅದರಲ್ಲಿ 50 ನ್ಯಾನೋಸೆಕೆಂಡಿನ ಅಂಚನ್ನು ಅಳೆದರೆ ಎರಡರ ವರ್ಗಗಳ ಮೊತ್ತದ ವರ್ಗಮೂಲ, ಅಂದರೆ ಸುಮಾರು 86 ನ್ಯಾನೋಸೆಕೆಂಡ್ ಕಾಣುತ್ತದೆ. ಮಾದರಿ ತೆಗೆಯುವ ವೇಗಕ್ಕೂ ಇದೇ ಮಾತು: ಸೆಕೆಂಡಿಗೆ 10 ಕೋಟಿ ಮಾದರಿ ತೆಗೆಯುವ ಮೀಟರಿನಲ್ಲಿ ಒಂದೇ ಸಲದ ಪಲ್ಸಿಗೆ 10 ನ್ಯಾನೋಸೆಕೆಂಡಿಗೊಂದು ನಿಜವಾದ ಬಿಂದು ಮಾತ್ರ ಸಿಗುತ್ತದೆ, ಉಳಿದದ್ದು ನಡುವೆ ಎಳೆದ ಗೆರೆ.

ಪರದೆಯ ಚಿತ್ರವನ್ನು ಪಲ್ಸಿನ ಒಂದೇ ಬಿಂದುವಿಗೆ ಕಟ್ಟಿಹಾಕುವ ಟ್ರಿಗರ್ ಸ್ಥಿರವಾಗಿ ನಿಲ್ಲದೆ ಇದ್ದರೆ ಮೇಲಿನದೆಲ್ಲ ವ್ಯರ್ಥ. ಟ್ರಿಗರ್ ಮಟ್ಟವನ್ನು ಏರಂಚಿನ ನಡುಭಾಗದಲ್ಲಿಟ್ಟು, ಟ್ರಿಗರ್ ಬಿಂದುವನ್ನು ಪರದೆಯ ಎಡತುದಿಯಿಂದ ಎರಡು ವಿಭಾಗ ಒಳಗೆ ತಂದರೆ ಪಲ್ಸಿಗೆ ಮುಂಚಿನ ನಿಶ್ಶಬ್ದವೂ ಕಾಣಿಸುತ್ತದೆ. ಗುಂಪಾಗಿ ಬರುವ ಪಲ್ಸುಗಳಿಗೆ, ಒಮ್ಮೆ ಹಿಡಿದ ಮೇಲೆ ಟ್ರಿಗರನ್ನು ಸ್ವಲ್ಪ ಹೊತ್ತು ತಡೆದಿಡುವ ಹೋಲ್ಡ್‌ಆಫ್ ಅನಿವಾರ್ಯ. 5 ಮೈಕ್ರೋಸೆಕೆಂಡಿಗೊಂದರಂತೆ ನಾಲ್ಕು ಪಲ್ಸುಗಳ ಗುಂಪು 500 ಮೈಕ್ರೋಸೆಕೆಂಡಿಗೊಮ್ಮೆ ಮರುಕಳಿಸುತ್ತಿದ್ದು ಹೋಲ್ಡ್‌ಆಫ್ ಇಡದಿದ್ದರೆ, ಟ್ರಿಗರ್ ನಾಲ್ಕರಲ್ಲಿ ಯಾವುದನ್ನಾದರೂ ಹಿಡಿಯಬಹುದು. ಆಗ ಚಿತ್ರಗಳು ಒಂದರ ಮೇಲೊಂದು ಕುಳಿತು, ಸರಾಸರಿ ತೆಗೆಯುವಾಗ ಅರ್ಥವಿಲ್ಲದ ಮೆಟ್ಟಿಲಾಕಾರ ಮೂಡುತ್ತದೆ. ಹೋಲ್ಡ್‌ಆಫ್ 50 ಮೈಕ್ರೋಸೆಕೆಂಡ್ ಇಟ್ಟ ಮೇಲೆ ಪ್ರತಿ ಸಲವೂ ಮೊದಲ ಪಲ್ಸೇ ಸಿಗುತ್ತದೆ.

ಕೊನೆಯ ಸಂಖ್ಯೆಯನ್ನು ನಿರ್ಧರಿಸುವುದು ಗೇಟ್, ಅಂದರೆ ಪವರಿನ ಸರಾಸರಿ ತೆಗೆಯುವ ಸಮಯದ ಕಿಟಕಿ. ಒಮ್ಮೆ ನಾನೇ ಒಂದು ಆಂಪ್ಲಿಫೈಯರನ್ನು 1.1 ಡೆಸಿಬೆಲ್ ಕಡಿಮೆ ಎಂದು ಬರೆದು ಬದಿಗಿಟ್ಟಿದ್ದೆ. ಅಟೆನ್ಯುಯೇಟರ್ ಬದಲಿಸಿ, ಕನೆಕ್ಟರ್ ಒರೆಸಿ ಅರ್ಧ ದಿನ ಕಳೆದರೂ ಅಂಕಿ ಅಲ್ಲಾಡಲಿಲ್ಲ. ಹಿಂದಿನ ಕೆಲಸಕ್ಕೆಂದು ಇಟ್ಟ ಗೇಟ್ ಹಾಗೆಯೇ ಉಳಿದು, ಪಲ್ಸಿಗಿಂತ 0.2 ಮೈಕ್ರೋಸೆಕೆಂಡ್ ಮೊದಲೇ ತೆರೆದು 0.1 ಮೈಕ್ರೋಸೆಕೆಂಡ್ ತಡವಾಗಿ ಮುಚ್ಚುತ್ತಿತ್ತು. 1 ಮೈಕ್ರೋಸೆಕೆಂಡಿನ ಪವರನ್ನು 1.3 ಮೈಕ್ರೋಸೆಕೆಂಡಿಗೆ ಹಂಚಿದರೆ ನಷ್ಟ ಸರಿಯಾಗಿ ಅಷ್ಟೇ ಆಗುತ್ತದೆ. ಈಗ ಗೇಟನ್ನು ಏರಂಚಿನ ನಂತರದ ಚಿಮ್ಮುವಿಕೆ ಅಡಗಿದ ಮೇಲೆ ತೆರೆದು, ಇಳಿಯಂಚಿಗೆ ಮುಂಚೆಯೇ ಮುಚ್ಚುತ್ತೇನೆ, ಮತ್ತು ಗೇಟ್ ಎಲ್ಲಿಂದ ಎಲ್ಲಿಯವರೆಗೆ ಇತ್ತೆಂಬುದನ್ನು ವರದಿಯಲ್ಲಿ ಪವರಿನ ಪಕ್ಕದಲ್ಲೇ ಬರೆಯುತ್ತೇನೆ.

ಅಗಲವನ್ನು ವರದಿ ಮಾಡುವಾಗ ಇನ್ನೊಂದು ಗೊಂದಲವಿದೆ. ಅರ್ಧ ಎತ್ತರವೆಂದರೆ ಪವರಿನ ಅರ್ಧವೋ ವೋಲ್ಟೇಜಿನ ಅರ್ಧವೋ ಎಂಬುದನ್ನು ಮೀಟರಿನ ಮೆನುವಿನಲ್ಲಿ ನೋಡಿಕೊಳ್ಳಬೇಕು. ಮೊದಲನೆಯದು ತುದಿಯಿಂದ 3 ಡೆಸಿಬೆಲ್ ಕೆಳಗೆ, ಎರಡನೆಯದು 6 ಡೆಸಿಬೆಲ್ ಕೆಳಗೆ. ಅಂಚುಗಳು ಕಡಿದಾಗಿದ್ದರೆ ವ್ಯತ್ಯಾಸ ಗಮನಕ್ಕೂ ಬಾರದು, ಇಳಿಜಾರಾಗಿದ್ದರೆ ಒಂದೇ ಪಲ್ಸಿಗೆ ಎರಡು ಅಗಲಗಳು ಬರುತ್ತವೆ.